ಕೈಲಾಗದವನಿಗೊಂದು ಐಸ್‌ಮನೆ

ಐಸ್‌ಮನೆಯ ಉಗ್ರಾಣಿಗೆ ನೆಗಡಿಯಾದದ್ದೇ ಇಷ್ಟಕ್ಕೆಲ್ಲ ಕಾರಣ. ವರ್ಷಗಟ್ಟಲೆ ಮಂಜುಗಡ್ಡೆಯ ನಡುವೆ ಕೂತು ಒಂದು ಸೀನು ಸೀನದ ಮನುಷ್ಯ, ಒಂದು ಮಧ್ಯಾಹ್ನ ಹೊರಗೆ ಬಂದು ಬಿಸಿಲಿಗೆ ಬೆನ್ನೊಡ್ಡಿದ್ದೇ ತಡ, ನೆಗಡಿ ಹಿಡಿದುಕೊಂಡಿತು. ಹಿಡಿದದ್ದು ಬಿಡಲಿಲ್ಲ. ಡಾಕ್ಟರು ಇನ್ನು ಮೇಲೆ ತಣ್ಣಗಿನ ಜಾಗದ ಕಡೆ ತಲೆ ಹಾಕಿಯೂ ಮಲಗಬೇಡ ಎಂದರು. ಉಗ್ರಾಣಿ ಕೀಲಿಕೈಯನ್ನು ಒಡತಿಯ ಮೇಜಿನ ಮೇಲಿಟ್ಟು, ಮೂಗು ಒರೆಸಿಕೊಳ್ಳುತ್ತಾ ಮಗಳ ಮನೆಗೆ ಹೊರಟುಹೋದ.

ಬಂದರಿನಲ್ಲಿ ಆ ಕೆಲಸಕ್ಕೆ ಬಾಯಲ್ಲಿ ನೀರೂರಿಸಿಕೊಳ್ಳದವರೇ ಇರಲಿಲ್ಲ. ಬೋಟುಗಳಿಗೆ ಐಸು ಅಳೆದು ಕೊಡುವುದು, ಬಾಗಿಲು ಸರಿಯಾಗಿ ಮುಚ್ಚುವುದು, ಉಳಿದ ಹೊತ್ತು ಕುರ್ಚಿಯಲ್ಲಿ ಕೂರುವುದು. ಎಲ್ಲಕ್ಕಿಂತ ಮುಖ್ಯವಾಗಿ, ಐಸ್‌ಮನೆಯ ನೆಲ ಸಿಮೆಂಟಿನದು. ಅದು ಅಲುಗಾಡುವುದಿಲ್ಲ. ಈ ಕೊನೆಯ ಗುಣವನ್ನು ನೆನೆನೆನೆದು ಕಣ್ಣು ಒದ್ದೆ ಮಾಡಿಕೊಂಡವನೆಂದರೆ ಇಡೀ ಬಂದರಿನಲ್ಲಿ ಬಕೆಟಣ್ಣ ಒಬ್ಬನೇ.

ಬಕೆಟಣ್ಣ ಹಿಂದೆ ಗಡಿಯಾರ ರಿಪೇರಿ ಮಾಡುತ್ತಿದ್ದವನು. ಜನ ಕೈಗೆ ಗಡಿಯಾರ ಕಟ್ಟುವುದನ್ನು ಬಿಟ್ಟ ಮೇಲೆ ಅಂಗಡಿ ಮುಚ್ಚಿತು. ಹೆಂಡತಿಯ ಅಣ್ಣ ಟ್ಯೂನಾ ಹಿಡಿಯುವ ಬೋಟೊಂದರ ನಾಯಕ. "ಸುಮ್ನೆ ಮನೇಲಿ ಕೂತು ಏನ್ ಮಾಡ್ತೀರಿ, ನನ್ ಜೊತೆ ಬನ್ನಿ" ಎಂದು ಕರೆದುಕೊಂಡು ಹೋದ. ದಡದಲ್ಲಿ ತಂಗಿಯ ಗಂಡನೆಂದು 'ನೀವು' ಎನ್ನುವ ಈ ಭಾವ, ಬೋಟು ಹತ್ತಿದ ಕೂಡಲೇ 'ನೀನು' ಎನ್ನುತ್ತಿದ್ದ. ಅದಕ್ಕೇನೂ ಬೇಜಾರಿರಲಿಲ್ಲ. ಬೇಜಾರಿದ್ದದ್ದು ಸಮುದ್ರದ ಮೇಲೆ. ಬೋಟು ಹಗ್ಗ ಬಿಚ್ಚಿದ ಗಳಿಗೆಯಿಂದ ಮತ್ತೆ ಹಗ್ಗ ಕಟ್ಟುವ ಗಳಿಗೆಯವರೆಗೆ ಅವನ ಹೊಟ್ಟೆ ಒಂದು ಕಡೆ, ಅವನು ಒಂದು ಕಡೆ. ಎಲ್ಲಿ ಹೋದರೂ ಕೈಯಲ್ಲೊಂದು ಬಕೆಟ್ಟು ಇರಲೇಬೇಕು. ಹೆಸರು ಬಂದದ್ದು ಹಾಗೆ. ಬೇರೆಯವರಿಗೆ ಬಕೆಟ್ ಹಿಡಿದು ಮೇಲೆ ಬಂದವರನ್ನು ಬಂದರು ಬೇಕಾದಷ್ಟು ಕಂಡಿತ್ತು. ತನಗೆ ತಾನೇ ಹಿಡಿದುಕೊಂಡು ಇದ್ದಲ್ಲೇ ಇದ್ದವನು ಇವನೊಬ್ಬ.

ಬೋಟುಗಳ ಒಡತಿ ಮಾತು ಕಡಿಮೆ, ಲೆಕ್ಕಾಚಾರ ಜಾಸ್ತಿ ಇರುವ ಹೆಂಗಸು. ಆ ದಿನ ಬೆಳಿಗ್ಗೆ ಛತ್ರಿ ಹಿಡಿದು, ಕೊರಳಿಗೊಂದು ದುರ್ಬೀನು ನೇತುಹಾಕಿಕೊಂಡು ಬಂದರಿನ ಕಟ್ಟೆಗೆ ಬಂದವಳು ಎಲ್ಲರನ್ನೂ ನಿಲ್ಲಿಸಿ ಹೇಳಿದಳು.

"ಐಸ್‌ಮನೆ ಕೆಲಸ ಕೊಡಿ ಅಂತ ನಿಮ್ಮ ಅಕ್ಕ, ಅತ್ತೆ, ಚಿಕ್ಕಮ್ಮಂದಿರೆಲ್ಲ ನನ್ನ ಮನೆಗೆ ಬಂದು ಹೋದ್ರು. ಕೇಳಿ. ಕೈಲಾಗೋ ಆಳನ್ನ ತೆಗೆದು ಕುರ್ಚಿ ಮೇಲೆ ಕೂರಿಸಿ ನಾನು ಸಮುದ್ರದಲ್ಲಿ ನಷ್ಟ ಮಾಡ್ಕೊಳ್ಳಲ್ಲ. ಬೋಟಲ್ಲಿ ಯಾರಿಂದ ಏನೂ ಉಪಯೋಗ ಇಲ್ವೋ ಅವರಿಗೇ ಆ ಕೀಲಿಕೈ. ಇವತ್ತು ನಾನೇ ಜೊತೆಗೆ ಬಂದು ನೋಡ್ತೀನಿ."

ಬಕೆಟಣ್ಣನಿಗೆ ಕಿವಿಗೆ ಜೇನು ಸುರಿದ ಹಾಗಾಯಿತು. ಇಂಥ ಪರೀಕ್ಷೆಗೆ ಅವನು ಓದಿಕೊಂಡು ಬರಬೇಕಾದ್ದೇನೂ ಇರಲಿಲ್ಲ. ತಾನು ತಾನಾಗಿದ್ದರೆ ಸಾಕಿತ್ತು. ಹಿಂದಿನ ದಿನವೇ ಹೆಂಡತಿ, "ಆ ಕೀಲಿಕೈ ತಂದ್ರೆ ಮನೆಗೆ ಬನ್ನಿ, ಇಲ್ಲಾಂದ್ರೆ ನಿಮ್ಮ ವಾಂತಿ ಬಟ್ಟೆ ನೀವೇ ಒಗ್ಕೊಳ್ಳಿ" ಎಂದಿದ್ದಳು. ಅವನು ಬೋಟು ಹತ್ತುವಾಗ ಭಾವ ಹೆಗಲ ಮೇಲೆ ಕೈ ಹಾಕಿ ಮೆಲ್ಲಗೆ ಹೇಳಿದ.

"ನೋಡು, ಇವತ್ತು ಎಲ್ಲದಕ್ಕೂ ನಿನ್ನನ್ನೇ ಮುಂದೆ ನಿಲ್ಲಿಸ್ತೀನಿ. ಹೆದರಬೇಡ. ನಿನಗೆ ಹೇಗೆ ತೋಚುತ್ತೋ ಹಾಗೆ ಮಾಡು."

ಬಕೆಟಣ್ಣನ ಮನಸ್ಸು ಚುರ್ ಎಂದಿತು. ಪಾಪ, ಒಡತಿಯ ಕಣ್ಣಿಗೆ ತನ್ನನ್ನು ದೊಡ್ಡವನನ್ನಾಗಿ ಮಾಡಲು ಭಾವ ಹೊರಟಿದ್ದಾನೆ, ತಾನು ನೋಡಿದರೆ ಅವನ ಮಾನ ಕಳೆಯಲು ಹೊರಟಿದ್ದೇನೆ ಎಂದು ಸಂಕಟವಾಯಿತು. ಆದರೆ ಅಷ್ಟರಲ್ಲಿ ಹಗ್ಗ ಬಿಚ್ಚಿದರು, ಬೋಟು ಒಮ್ಮೆ ತೊನೆಯಿತು, ಆ ಸಂಕಟವನ್ನು ಇನ್ನೊಂದು ಸಂಕಟ ನುಂಗಿಹಾಕಿತು.

ಟ್ಯೂನಾ ಹಿಡಿಯುವುದರಲ್ಲಿ ಮುಕ್ಕಾಲು ಪಾಲು ಹುಡುಕುವುದೇ. ಅದು ಒಂದು ಕಡೆ ಬಿಡಾರ ಹೂಡುವ ಮೀನಲ್ಲ. ಹಿಂಡು ಕಟ್ಟಿಕೊಂಡು ಊರೂರು ಅಲೆಯುವಂಥದ್ದು. ಹೇಗೆ ಹುಡುಕಬೇಕೆಂಬುದರ ಬಗ್ಗೆ ಆ ಬೋಟಿನಲ್ಲಿ ಎಷ್ಟು ಬಾಯಿಯೋ ಅಷ್ಟು ಮತ. ಎಂಜಿನ್ನಿನವನು ನೀರೊಳಗಿನ ಮೀನನ್ನು ಚುಕ್ಕೆ ಚುಕ್ಕೆಯಾಗಿ ತೋರಿಸುವ ಯಂತ್ರದ ಪರದೆಯನ್ನು ಬಿಟ್ಟು ಬೇರೆ ದೇವರನ್ನು ಒಪ್ಪುತ್ತಿರಲಿಲ್ಲ. ಅಡುಗೆಯವನು ಹಕ್ಕಿಯ ಕಡೆಯವನು.

"ಹಕ್ಕಿ ನೇರವಾಗಿ ಹೋಗ್ತಿದ್ರೆ ಅದಕ್ಕೆ ಎಲ್ಲೋ ಊಟದ ಸುದ್ದಿ ಸಿಕ್ಕಿದೆ ಅಂತ ಅರ್ಥ" ಎಂದು ಅವನು ಚಹಾ ಸೋಸುತ್ತಾ ಒಡತಿಗೆ ಪಾಠ ಶುರುಮಾಡಿದ. "ಸುತ್ತು ಹೊಡೀತಾ ನೀರಿಗೆ ಬೀಳ್ತಿದ್ರೆ ಊಟ ನಡೀತಿದೆ. ಕೆಳಗೆ ಟ್ಯೂನಾ ಸಣ್ಣ ಮೀನನ್ನ ಮೇಲಕ್ಕೆ ಅಟ್ಟುತ್ತೆ, ಮೇಲೆ ಹಕ್ಕಿ ಕಾಯ್ಕೊಂಡಿರುತ್ತೆ. ನೀರಿನ ಮೇಲೆ ಸುಮ್ನೆ ಕೂತಿದ್ರೆ ಮಾತ್ರ ನಮಗೂ ಕೆಲಸ ಇಲ್ಲ, ಅದಕ್ಕೂ ಇಲ್ಲ. ಇನ್ನೊಂದು ದಾರಿ ಅಂದ್ರೆ ತೇಲೋ ವಸ್ತು. ಮರದ ದಿಮ್ಮಿ, ಹಳೇ ಹಲಗೆ, ಏನಾದ್ರೂ ಆಗಬಹುದು. ನಟ್ಟನಡು ಸಮುದ್ರದಲ್ಲಿ ತೇಲೋದೆಲ್ಲ ಮೀನಿಗೆ ನೆಂಟರ ಮನೆ ಇದ್ದ ಹಾಗೆ. ಮೊದಲು ಪುಡಿ ಮೀನು ಬಂದು ಸೇರುತ್ತೆ, ಅದರ ಹಿಂದೆ ದೊಡ್ಡವು."

"ಗೊತ್ತು" ಎಂದಳು ಒಡತಿ. ಬೋಟಿನ ಮೂತಿಯ ಹತ್ತಿರ ಹಗ್ಗ ಬಿಗಿದ ಕುರ್ಚಿಯಲ್ಲಿ ಕೂತು, ಛತ್ರಿ ಬಿಚ್ಚಿ, ಚಹಾ ಕುಡಿದಳು. ಅಲೆ ಎದ್ದರೂ ಅವಳ ಲೋಟದ ಚಹಾ ತುಳುಕಲಿಲ್ಲ. ಬಕೆಟಣ್ಣನಿಗೆ ಅದನ್ನು ನೋಡುವುದಕ್ಕೇ ಆಗಲಿಲ್ಲ.

ಭಾವ ಮೊದಲು ಅವನನ್ನು ಕಂಬದ ಮೇಲೆ ಹತ್ತಿಸಿದ. ಕಂಬದ ತುದಿಯ ತೊಟ್ಟಿಲಲ್ಲಿ ನಿಂತು ದೂರದ ಹಕ್ಕಿಗಳನ್ನು ನೋಡಿ ದಾರಿ ಹೇಳುವ ಕೆಲಸ. ಅಡುಗೆಯವನು, "ಇವನನ್ನಾ? ಇವನಿಗೆ ಕಣ್ಣು ಬಿಟ್ರೆ ವಾಂತಿ, ಮುಚ್ಚಿದ್ರೆ ತಲೆಸುತ್ತು" ಎಂದ. ಭಾವ ಕೇಳಲಿಲ್ಲ. ಬಕೆಟ್ಟನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಬಕೆಟಣ್ಣ ಏಣಿ ಹತ್ತಿದ. ಕೆಳಗೆ ಒಂದು ಗೇಣು ಓಲಾಡುವ ಬೋಟು ಮೇಲೆ ಹೋದಂತೆ ಒಂದು ಮಾರು ಓಲಾಡುತ್ತದೆ ಎಂಬುದು ಅವನಿಗೆ ಅಲ್ಲಿಗೆ ಹೋದ ಮೇಲೆಯೇ ತಿಳಿದದ್ದು.

ಹೊಟ್ಟೆ ಸ್ವಲ್ಪ ತಹಬಂದಿಗೆ ಬಂದ ಮೇಲೆ ಸುತ್ತ ನೋಡಿದ. ಬಲಗಡೆ, ಹರಡಿದ ಕಾಳಿಗೆ ಗುಬ್ಬಿ ಮುತ್ತಿದ ಹಾಗೆ ಹಕ್ಕಿಗಳು ನೀರಿನ ಮೇಲೆ ಮುತ್ತಿದ್ದವು. ಧುಮುಕುತ್ತಿದ್ದವು, ಏಳುತ್ತಿದ್ದವು, ಅವುಗಳ ಕೆಳಗೆ ನೀರು ಒಲೆಯ ಮೇಲಿಟ್ಟ ಹಾಗೆ ಕುದಿಯುತ್ತಿತ್ತು. ಕುರುಡನಿಗೂ ಕಾಣುವಂಥ ಹಿಂಡು. ಎಡಗಡೆ ಸಮುದ್ರ ಒರೆಸಿಟ್ಟ ತಟ್ಟೆಯಂತೆ ಖಾಲಿಯಿತ್ತು.

ಬಕೆಟಣ್ಣ ಸಿಮೆಂಟಿನ ನೆಲವನ್ನು ಮನಸ್ಸಿನಲ್ಲೇ ನೆನೆದು, ಕೈ ಚಾಚಿ, "ಎಡಕ್ಕೆ" ಎಂದು ಕೂಗಿದ.

"ಬಲಗಡೆ ಅದೇನೋ ಕಪ್ಪಗೆ ಕಾಣ್ತಿದೆಯಲ್ಲ?" ಎಂದ ಅಡುಗೆಯವನು.

"ಮೋಡದ ನೆರಳು" ಎಂದ ಭಾವ.

"ಯಂತ್ರದಲ್ಲೂ ಬಲಗಡೇನೇ ಚುಕ್ಕೆ ಬೀಳ್ತಿದೆ" ಎಂದು ಎಂಜಿನ್ನಿನವನು ಕೆಳಗಿಂದ ತಲೆ ಹೊರಹಾಕಿದ.

"ಅದಕ್ಕೆ ವಯಸ್ಸಾಯ್ತು, ಆರಿಸಿಡು. ನಮ್ಮವನು ಎಡಕ್ಕೆ ಅಂದ್ರೆ ಎಡಕ್ಕೇ" ಎಂದು ಭಾವ ಚುಕ್ಕಾಣಿ ತಿರುಗಿಸಿಯೇಬಿಟ್ಟ.

ಒಡತಿ ದುರ್ಬೀನನ್ನು ಬಲಗಡೆಗೆ ಹಿಡಿದು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಕೆಳಗಿಳಿಸಿ, ಭಾವನನ್ನು ಒಮ್ಮೆ, ಕಂಬದ ತುದಿಯನ್ನು ಒಮ್ಮೆ ನೋಡಿದಳು. ಮೇಲಿದ್ದವನಿಗೆ ಕಣ್ಣಲ್ಲಿ ನೀರು ಬಂತು. ಹುಟ್ಟಿದಂದಿನಿಂದ ತನ್ನ ಮಾತನ್ನು ಇಷ್ಟು ನಂಬಿದವರು ಯಾರೂ ಇರಲಿಲ್ಲ, ನಂಬಿದ ದಿನವೇ ತಾನು ಇಂಥ ಕೆಲಸ ಮಾಡಬೇಕಾಯಿತಲ್ಲ ಎಂದು ಅವನಿಗೆ ನಿಜವಾಗಿಯೂ ದುಃಖವಾಯಿತು.

ದುಃಖ ಬಹಳ ಹೊತ್ತು ಉಳಿಯಲಿಲ್ಲ. ಎಡಗಡೆ ಖಾಲಿ ನೀರಿನಲ್ಲಿ ಅಷ್ಟು ದೂರ ಹೋದ ಮೇಲೆ, ಯಾವ ಕಾಡಿನಿಂದ ಕೊಚ್ಚಿಕೊಂಡು ಬಂದಿತ್ತೋ, ಪಾಚಿ ಹಿಡಿದ ಒಂದು ದೊಡ್ಡ ಮರದ ದಿಮ್ಮಿ ಮಂದವಾಗಿ ತೇಲುತ್ತಿತ್ತು. ಅದರ ಕೆಳಗೆ ನೀರು ಕಾಣುತ್ತಿರಲಿಲ್ಲ. ಬರೀ ಮೀನಿನ ಬೆನ್ನು ಕಾಣುತ್ತಿತ್ತು.

"ಹಕ್ಕಿಗೂ ಗೊತ್ತಿಲ್ಲದ ಜಾಗ" ಎಂದು ಅಡುಗೆಯವನು ಸೌಟು ಕೆಳಗಿಟ್ಟು ಕೈಮುಗಿದ. "ಬಲಗಡೆ ಅಷ್ಟು ಹಕ್ಕಿ ಇಟ್ಕೊಂಡು ಎಡಕ್ಕೆ ಅಂದ ನೋಡಿ. ಅದಕ್ಕೆ ಎದೆ ಬೇಕು."

"ಮೋಡದ ನೆರಳು ಅಂದ್ರಲ್ಲ?" ಎಂದಳು ಒಡತಿ ಭಾವನ ಕಡೆ ತಿರುಗಿ. ಭಾವ ಬಾಯಲ್ಲಿದ್ದ ಶುಂಠಿಯನ್ನು ಈ ದವಡೆಯಿಂದ ಆ ದವಡೆಗೆ ದಾಟಿಸಿದ. ಅವನ ಮುಖವೇಕೋ ಇಳಿದಿತ್ತು. ಮೀನು ಸಿಕ್ಕ ನಾಯಕನ ಮುಖ ಹಾಗಿರುವುದಿಲ್ಲ, ಆದರೆ ಅದನ್ನು ಗಮನಿಸುವಷ್ಟು ಪುರುಸೊತ್ತು ಬಕೆಟಣ್ಣನಿಗಿರಲಿಲ್ಲ. ಅವನ ಮುಖ ಅದಕ್ಕಿಂತ ಇಳಿದಿತ್ತು.

ಹಿಂಡು ಸಿಕ್ಕಿದರೆ ಮುಗಿಯಲಿಲ್ಲ, ಅದನ್ನು ಬೋಟಿನ ಪಕ್ಕದಲ್ಲೇ ನಿಲ್ಲಿಸಿಕೊಳ್ಳಬೇಕು. ಅದಕ್ಕೊಂದು ಕ್ರಮವಿದೆ. ಹಿಂಬದಿಯ ತೊಟ್ಟಿಯಲ್ಲಿ ಜೀವಂತ ಸಣ್ಣ ಮೀನುಗಳನ್ನು ಸಾಕಿಕೊಂಡು ಬಂದಿರುತ್ತಾರೆ. ಒಬ್ಬ ಅವುಗಳನ್ನು ಚೂರು ಚೂರೇ ನೀರಿಗೆ ಎರಚುತ್ತಿರಬೇಕು. ಬೋಟಿನ ಅಂಚಿನ ಕೊಳವೆಗಳಿಂದ ನೀರು ತುಂತುರಾಗಿ ಬೀಳುತ್ತಿರುತ್ತದೆ; ಟ್ಯೂನಾಕ್ಕೆ ಸಣ್ಣ ಮೀನಿನ ದೊಡ್ಡ ಸಂತೆಯೇ ಕುಣಿಯುತ್ತಿದೆ ಎಂದು ಭ್ರಮೆಯಾಗುತ್ತದೆ. ಆಗ ಉದ್ದನೆಯ ಕೋಲು ಹಿಡಿದವರು ಸಾಲಾಗಿ ಕೂತು ಗಾಳ ಹಾಕುತ್ತಾರೆ. ಆ ಗಾಳಕ್ಕೆ ಮೀನನ್ನು ಬಿಡದೆ ಹಿಡಿಯುವ ಹಿಮ್ಮುಳ್ಳಿರುವುದಿಲ್ಲ. ಕಚ್ಚಿದ ಮೀನನ್ನು ಒಂದೇ ಬೀಸಿಗೆ ತಲೆಯ ಮೇಲಿಂದ ಹಿಂದಕ್ಕೆ ಎಸೆದರೆ ಅದು ತಾನಾಗಿಯೇ ಕಳಚಿ ಬೋಟಿನ ಹಲಗೆಯ ಅಟ್ಟದ ಮೇಲೆ ಬೀಳುತ್ತದೆ. ಎರಚುವವನು ಜಿಪುಣನಾದರೆ ಮೀನು ಮುನಿಸಿಕೊಂಡು ಹೋಗುತ್ತದೆ; ಧಾರಾಳಿಯಾದರೆ ಹೊಟ್ಟೆ ತುಂಬಿ ಹೋಗುತ್ತದೆ.

ಎರಚುವ ಕೆಲಸವನ್ನೂ ಭಾವ ಬಕೆಟಣ್ಣನಿಗೇ ಕೊಟ್ಟ. "ನಿನ್ನ ಕೈಗುಣ ನೋಡೋಣ" ಎಂದ.

ಬಕೆಟಣ್ಣ ತೊಟ್ಟಿಯ ಮರದ ಮುಚ್ಚಳವನ್ನು ತೆಗೆದು ಕಂಕುಳಲ್ಲಿ ಇರುಕಿಕೊಂಡು, ಇನ್ನೊಂದು ಕೈಯಲ್ಲಿ ಬಕೆಟ್ಟಿನ ತುಂಬ ಮೀನು ಮೊಗೆದು, ಚೂರು ಚೂರು ಎಂಬ ಮಾತನ್ನೇ ಕೇಳದವನ ಹಾಗೆ ಒಂದೇ ಸಲಕ್ಕೆ ಸುರಿದುಬಿಟ್ಟ. ಅಷ್ಟಕ್ಕೇ ನಿಲ್ಲದೆ ಇನ್ನೊಂದು ಬಕೆಟ್ಟು ಸುರಿದ. ಹಿಂಡು ತಿಂದು, ತೇಗಿ, ಮನೆಗೆ ಹೋಗಲಿ ಎಂದು ಅವನ ಲೆಕ್ಕ. ಆದರೆ ಆ ಹಿಂಡು ಎಂದಿನಿಂದ ಹಸಿದಿತ್ತೋ ಏನೋ, ಮೇಲ್ಪಂಕ್ತಿಗೆ ಬಡಿಸಿದ್ದು ಗೊತ್ತಾದ ಕೂಡಲೇ ಕೆಳಗಿನ ಪಂಕ್ತಿಯೂ ಎದ್ದು ಬಂತು. ನೀರು ಬಿಳಿಯಾಯಿತು. ಗಾಳ ಹಾಕುವುದೊಂದೇ ತಡ, ಬೆಳ್ಳಿಯ ಉಂಡೆಗಳು ಹಾರಿ ಹಾರಿ ಅಟ್ಟದ ಮೇಲೆ ಬೀಳತೊಡಗಿದವು.

"ಕೈ ಅಂದ್ರೆ ಇದು" ಎಂದು ಎಂಜಿನ್ನಿನವನು ಕೂಗಿದ. "ನಾನು ಮೊದಲಿಂದ ಹೇಳ್ತಾನೇ ಇದ್ದೆ, ಧಾರಾಳವಾಗಿ ಹಾಕ್ಬೇಕು ಅಂತ." ಅವನು ಹಾಗೆ ಹೇಳಿದ್ದನ್ನು ಯಾರೂ ಯಾವತ್ತೂ ಕೇಳಿರಲಿಲ್ಲ.

ಬಕೆಟಣ್ಣ ಹತಾಶನಾಗಿ ಮೂರನೆಯ ಸಲ ಬಗ್ಗಿದ. ಅದೇ ಹೊತ್ತಿಗೆ ಯಾರೋ ಬೀಸಿದ ಕೋಲಿನಿಂದ ಕಳಚಿದ ದಪ್ಪ ಮೀನೊಂದು ಗಾಳಿಯಲ್ಲಿ ತಿರುಗುತ್ತಾ ಬಂದು ಅವನ ಬೆನ್ನಿಗೆ ಸರಿಯಾಗಿ ಅಪ್ಪಳಿಸಿತು. ಆ ದಿನ ಸಮುದ್ರದಿಂದ ಬೋಟಿಗೆ ಬಂದ ಮೀನು ಎಷ್ಟೋ, ಬೋಟಿನಿಂದ ಸಮುದ್ರಕ್ಕೆ ಹೋದ ಮನುಷ್ಯ ಮಾತ್ರ ಒಬ್ಬನೇ. ಕಂಕುಳಲ್ಲಿದ್ದ ಮುಚ್ಚಳದ ಸಮೇತ ಅವನು ಹಿಂಬದಿಯ ಅಂಚಿನಾಚೆ ಉರುಳಿದ.

ಎಲ್ಲರೂ ಮುಂದಿನ ಅಂಚಿನಲ್ಲಿ ಮೀನು ಎಸೆಯುತ್ತಿದ್ದರು. ತುಂತುರಿನ ಸದ್ದು, ಎಂಜಿನ್ನಿನ ಸದ್ದು, ಅಟ್ಟದ ಮೇಲೆ ಮೀನು ಬಡಿದುಕೊಳ್ಳುವ ಸದ್ದು. "ಭಾವಾ" ಎಂದು ಅವನು ಕೂಗಿದ್ದು ಅವನಿಗೇ ಕೇಳಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಹಿಂಡು ಆಳಕ್ಕಿಳಿಯಿತು, ಕೋಲುಗಳು ನಿಂತವು, ಬೋಟು ಹೊಗೆಯುಗುಳಿ ಹೊರಟುಹೋಯಿತು. ಹಿಂದಿನ ಅಂಚಿನಲ್ಲಿ ಬಕೆಟಣ್ಣ ಕಾಣದಿದ್ದಾಗ ಅಡುಗೆಯವನು, ಕೆಳಗೆ ಮಲಗಿದ್ದಾನೆ ಎಂದುಕೊಂಡ. ಕೆಳಗೆ ಕಾಣದಿದ್ದಾಗ ಎಂಜಿನ್ನಿನವನು ಮೇಲೆ ವಾಂತಿ ಮಾಡುತ್ತಿದ್ದಾನೆ ಎಂದುಕೊಂಡ.

ಬೋಟು ಬೆರಳಿನಷ್ಟಾಯಿತು, ಆಮೇಲೆ ಉಗುರಿನಷ್ಟಾಯಿತು, ಆಮೇಲೆ ಇಲ್ಲವಾಯಿತು. ಬಕೆಟಣ್ಣ ಮುಚ್ಚಳವನ್ನು ಎದೆಗವುಚಿಕೊಂಡು ತೇಲಿದ. ದಿಮ್ಮಿಯ ಕಡೆಗೆ ಕೈಕಾಲು ಬಡಿದು ನೋಡಿದ. ಸೆಳೆತ ದಿಮ್ಮಿಯನ್ನು ಒಂದು ಕಡೆ, ಅವನನ್ನು ಒಂದು ಕಡೆ ಒಯ್ದಿತು. ಅವನಿಗೆ ಭಯವಾಯಿತು. ಹೊಟ್ಟೆ ತೊಳಸುವ ಭಯವಲ್ಲ, ನಿಜವಾದ ಭಯ. ಬಕೆಟ್ಟಿಲ್ಲದೆ ಸಾಯುತ್ತೇನಲ್ಲ ಎಂದು ಮೊದಲು ಅನ್ನಿಸಿತು. ಆಮೇಲೆ ಹೆಂಡತಿ ನೆನಪಾದಳು. ಅವನು ಗಡಿಯಾರದ ಮುಳ್ಳು ತೆಗೆಯುವ ಚಿಮುಟ ಹಿಡಿದು ಅಂಗಡಿಯಲ್ಲಿ ಕೂತಿರುತ್ತಿದ್ದಾಗ ಮಧ್ಯಾಹ್ನ ಬುತ್ತಿ ತಂದು ಕೊಟ್ಟು, ಅವನು ತಿಂದು ಮುಗಿಸುವವರೆಗೂ ಗಿರಾಕಿಗಳಿಗೆ "ಸ್ವಲ್ಪ ತಡೀರಿ" ಎನ್ನುತ್ತಿದ್ದಳು. ಕೀಲಿಕೈಯೂ ಬೇಡ, ಸಿಮೆಂಟಿನ ನೆಲವೂ ಬೇಡ, ಆ ಬೋಟು ಇನ್ನೊಮ್ಮೆ ಕಂಡರೆ ಸಾಕು, ಅದರ ಮೇಲೆ ಜೀವಮಾನವಿಡೀ ವಾಂತಿ ಮಾಡಿಕೊಂಡಿರುತ್ತೇನೆ ಎಂದು ಅವನು ಅಳುತ್ತಾ ಮಾತು ಕೊಟ್ಟ. ಯಾರಿಗೆ ಕೊಟ್ಟನೋ ಅವನಿಗೂ ಗೊತ್ತಿಲ್ಲ.

ಅಂಗಾಲಿಗೆ ಏನೋ ಕಚಗುಳಿಯಿಟ್ಟಂತಾಯಿತು. ಬಗ್ಗಿ ನೋಡಿದರೆ ಬೆರಳುದ್ದದ ಪುಡಿ ಮೀನುಗಳು ಅವನ ನೆರಳಿನಲ್ಲಿ ಸೇರಿಕೊಂಡಿದ್ದವು. ಓಡಿಸಿದರೆ ಹೋಗಿ, ಮರಳಿ ಬಂದವು. ಸ್ವಲ್ಪ ಹೊತ್ತಿಗೆ ಅವುಗಳ ಕೆಳಗೆ ದೊಡ್ಡ ನೆರಳುಗಳು ಸುತ್ತತೊಡಗಿದವು. ಅವನು ಕಾಲನ್ನು ಎಷ್ಟು ಮೇಲಕ್ಕೆ ಎಳೆದುಕೊಳ್ಳಬಹುದೋ ಅಷ್ಟು ಎಳೆದುಕೊಂಡ. ತೇಲೋದೆಲ್ಲ ಮೀನಿಗೆ ನೆಂಟರ ಮನೆ ಎಂಬ ಅಡುಗೆಯವನ ಪಾಠ ಕಿವಿಯಲ್ಲಿ ಮೊಳಗಿತು. ಹುಟ್ಟಾ ಸಂಕೋಚದ ಮನುಷ್ಯ. ಅವನ ಮನೆಗೆ ಒಮ್ಮೆಗೇ ಇಷ್ಟು ನೆಂಟರು ಮದುವೆಯಲ್ಲೂ ಬಂದಿರಲಿಲ್ಲ.

ಬಿಸಿಲು ಬಾಡುವ ಹೊತ್ತಿಗೆ ದೂರದಲ್ಲಿ ಎಂಜಿನ್ನಿನ ಸದ್ದು ಕೇಳಿತು. ಬಕೆಟಣ್ಣ ಅಂಗಿ ಕಳಚಿ ಬೀಸಿದ. ಬೋಟು ಸೀದಾ ಅವನ ಕಡೆಗೇ ಬರುತ್ತಿತ್ತು. ಅಷ್ಟು ಚೆಂದದ ವಸ್ತುವನ್ನು ಅವನು ಹಿಂದೆಂದೂ ನೋಡಿರಲಿಲ್ಲ. ಹತ್ತಿರ ಬಂದಾಗ ಚುಕ್ಕಾಣಿಯ ಹಿಂದಿದ್ದ ಭಾವನ ಮುಖ ಕಂಡಿತು. ಅದು ಹೆದರಿ ಬೆಳ್ಳಗಾಗಿತ್ತು.

"ನೀನು ಇಲ್ಲೇನ್ ಮಾಡ್ತಿದ್ದೀಯ?" ಎಂದ ಭಾವ.

"ತೇಲ್ತಿದ್ದೀನಿ ಭಾವ" ಎಂದ ಬಕೆಟಣ್ಣ. ಆಮೇಲೆ ಅತ್ತುಬಿಟ್ಟ.

ಭಾವ ಹಗ್ಗ ಎಸೆದ. ಬಕೆಟಣ್ಣ ಅದನ್ನು ಸೊಂಟಕ್ಕೆ ಸುತ್ತಿಕೊಂಡ. ಇನ್ನೇನು ಎಳೆಯಬೇಕು, ಅಷ್ಟರಲ್ಲಿ ಅಂಚಿನಿಂದ ಬಗ್ಗಿ ನೋಡಿದ ಅಡುಗೆಯವನು, "ತಡೀರಿ, ತಡೀರಿ, ಇವನ ಕೆಳಗೆ ನೋಡಿ" ಎಂದ.

ಎಲ್ಲರೂ ನೋಡಿದರು. ಒಡತಿಯೂ ಕುರ್ಚಿಯಿಂದ ಎದ್ದು ಬಂದು ನೋಡಿದಳು.

"ಹಗ್ಗ ಗಟ್ಟಿಯಾಗಿದೆ ತಾನೆ?" ಎಂದಳು.

"ಗಟ್ಟಿಯಾಗಿದೆ" ಎಂದ ಭಾವ.

"ಹಾಗಾದ್ರೆ ಸ್ವಲ್ಪ ಹೊತ್ತು ಇರಲಿ."

ಬಕೆಟಣ್ಣನ ಸುತ್ತಲೂ ಗಾಳಗಳು ಬಿದ್ದವು. ತಲೆಯ ಮೇಲಿಂದ ತುಂತುರು ಸುರಿಯಿತು. ಎಡಕ್ಕೊಂದು ಟ್ಯೂನಾ, ಬಲಕ್ಕೊಂದು ಟ್ಯೂನಾ ಹಾರಿ ಹೋದವು. "ಕಾಲು ಆಡಿಸ್ಬೇಡ ಮಾರಾಯ, ಹೆದರಿ ಹೋಗ್ತಾವೆ" ಎಂದು ಅಡುಗೆಯವನು ಗದರಿಸಿದ. "ಆ ಕಡೆ ಸ್ವಲ್ಪ ವಾಲು" ಎಂದು ಎಂಜಿನ್ನಿನವನು ಸಲಹೆ ಕೊಟ್ಟ. ಬಕೆಟಣ್ಣ ವಾಲಿದ. ಹಗ್ಗದ ಇನ್ನೊಂದು ತುದಿಯನ್ನು ಭಾವ ಎರಡೂ ಕೈಯಲ್ಲಿ ಹಿಡಿದು ನಿಂತಿರುವುದು ಕಾಣುತ್ತಿತ್ತು. ಆ ಹಗ್ಗ ಇರುವವರೆಗೆ ಯಾವ ಕಡೆ ವಾಲು ಎಂದರೂ ವಾಲಲು ಅವನು ಸಿದ್ಧನಿದ್ದ.

ಮೇಲೆಳೆದು ಒಣ ಅಂಗಿ ತೊಡಿಸಿ, ಬಿಸಿ ಚಹಾ ಕೈಗಿಟ್ಟ ಮೇಲೆ ಅವನಿಗೆ ಲೋಕ ಸರಿಹೋಯಿತು. ಬದುಕಿದೆನಲ್ಲ ಎಂಬ ಸಂತೋಷಕ್ಕೆ ಚಹಾ ಹೊಟ್ಟೆಯಲ್ಲಿ ನಿಂತಿತು. ನಿಂತ ಮೇಲೆ ಹಳೆಯ ಆಸೆ ತಲೆಯೆತ್ತಿತು. ಇನ್ನು ಇದಕ್ಕಿಂತ ದೊಡ್ಡ ಪುರಾವೆ ಏನು ಬೇಕು? ಬೋಟಿನಿಂದ ಬಿದ್ದದ್ದೂ ಗೊತ್ತಾಗದಂಥ ಆಳು ಅವನು. ನೀರಿನಲ್ಲಿ ಕೊಟ್ಟ ಮಾತು ನೀರಿನಲ್ಲೇ ಇರಲಿ ಎಂದುಕೊಂಡು ಒಡತಿಯ ಕುರ್ಚಿಯ ಹತ್ತಿರ ಹೋದ.

"ಅಮ್ಮ, ನೀವೇ ನೋಡಿದ್ರಿ. ನಾನಿಲ್ಲದಿದ್ರೂ ಬೋಟು ನಡೀತು."

"ನಡೀತು" ಎಂದಳು ಒಡತಿ. "ಆದ್ರೆ ನೀನಿಲ್ಲದಷ್ಟು ಹೊತ್ತು ಒಂದು ಮೀನೂ ಸಿಗಲಿಲ್ಲ."

"ಅಮ್ಮ, ನಾನು ಆಯತಪ್ಪಿ ಬಿದ್ದದ್ದು."

"ವಿನಯ ನೋಡಿ ವಿನಯ" ಎಂದು ಅಡುಗೆಯವನು ನಡುವೆ ಬಾಯಿ ಹಾಕಿದ. "ದಿಮ್ಮಿ ಕೆಳಗಿನ ಹಿಂಡು ಚದುರಿದ್ದನ್ನ ಕಂಡು, ತಾನೇ ದಿಮ್ಮಿ ಆಗೋಣ ಅಂತ ಇಳಿದಿದ್ದಾನೆ. ಮುಚ್ಚಳ ಬೇರೆ ತಗೊಂಡು ಹೋಗಿದ್ದಾನೆ. ಆಯತಪ್ಪಿ ಬೀಳೋರು ಮುಚ್ಚಳ ತಗೊಂಡು ಬೀಳ್ತಾರಾ?"

ಬೋಟಿನಲ್ಲಿದ್ದವರೆಲ್ಲ ಬಕೆಟಣ್ಣನ ಬೆನ್ನು ತಟ್ಟಿದರು. ಮೀನು ಬಡಿದ ಜಾಗಕ್ಕೇ ತಟ್ಟಿದರು.

ಕಟ್ಟೆಗೆ ಬಂದು ಮೀನು ಇಳಿಸಿ ಮುಗಿದ ಮೇಲೆ ಒಡತಿ ಕೈಚೀಲದಿಂದ ಕೀಲಿಕೈ ತೆಗೆದಳು. ಎಲ್ಲರೂ ಸುತ್ತ ನಿಂತರು. ಕೊನೆಯ ಆಸೆ ಎಂಬುದು ಅಷ್ಟು ಸುಲಭಕ್ಕೆ ಸಾಯುವುದಿಲ್ಲ; ಬಕೆಟಣ್ಣ ಉಸಿರು ಬಿಗಿಹಿಡಿದ.

"ಬೆಳಿಗ್ಗೆ ಬಲಗಡೆ ಅಷ್ಟು ದೊಡ್ಡ ಹಿಂಡಿತ್ತು" ಎಂದು ಒಡತಿ ಶುರುಮಾಡಿದಳು. "ಕಂಬದ ಮೇಲಿದ್ದವನು ಎಡಕ್ಕೆ ಅಂದ. ಅವನಿಗೆ ದಿಮ್ಮಿಯ ಸುಳಿವು ಸಿಕ್ಕಿತ್ತು, ಹೇಳಿದ. ಆದ್ರೆ ಚುಕ್ಕಾಣಿ ಹಿಡಿದವರಿಗೆ ಹಕ್ಕಿ ಕಂಡರೆ ಮೋಡ, ಯಂತ್ರ ತೋರಿಸಿದ್ರೆ ವಯಸ್ಸಾಯ್ತು. ಮಧ್ಯಾಹ್ನ ದಕ್ಷಿಣಕ್ಕೆ ಹಕ್ಕಿ ಸಾಲುಗಟ್ಟಿ ಹೋಗ್ತಿದ್ರೆ, ಇವರು ಬೋಟು ತಿರುಗಿಸಿ ವಾಪಸ್ ಉತ್ತರಕ್ಕೆ, ಒಮ್ಮೆ ಮೀನು ಹಿಡಿದು ಖಾಲಿ ಮಾಡಿದ ಜಾಗಕ್ಕೇ ಬಂದ್ರು. ಅಲ್ಲಿ ಇವನು ಮೀನು ಸೇರಿಸಿ ಇಟ್ಟಿರದಿದ್ರೆ ಬರಿಗೈಯಲ್ಲಿ ಮನೆಗೆ ಬರ್ತಿದ್ವಿ. ಒಬ್ಬ ಆಳು ಕಡಿಮೆಯಾದದ್ದೂ ಇವರಿಗೆ ಗೊತ್ತಾಗಲಿಲ್ಲ. ನಾಯಕರೇ, ಬಹಳ ವರ್ಷ ದುಡಿದಿದ್ದೀರಿ. ಕಣ್ಣು ದಣಿದಿದೆ. ತಗೊಳ್ಳಿ."

ಕೀಲಿಕೈ ಭಾವನ ಅಂಗೈಗೆ ಬಿತ್ತು.

"ನಾಳೆಯಿಂದ ಚುಕ್ಕಾಣಿ ಎಂಜಿನ್ನಿನವನಿಗೆ. ಕಂಬದ ಮೇಲೆ ನೀನು" ಎಂದು ಒಡತಿ ಬಕೆಟಣ್ಣನಿಗೆ ಹೇಳಿ, ಛತ್ರಿ ಮಡಿಸಿ ಹೊರಟುಹೋದಳು.

ಮನೆಯ ದಾರಿಯಲ್ಲಿ ಭಾವ, ಬಕೆಟಣ್ಣ ಇಬ್ಬರೂ ಜೊತೆಯಾಗಿ ನಡೆದರು. ತನ್ನನ್ನು ನಂಬಿ ಎಡಕ್ಕೆ ತಿರುಗಿಸಿದ್ದಕ್ಕೆ ಭಾವ ನಾಯಕನ ಕುರ್ಚಿ ಕಳೆದುಕೊಂಡನಲ್ಲ ಎಂದು ಬಕೆಟಣ್ಣ ಕೊರಗಿದ.

"ಭಾವ, ತಪ್ಪೆಲ್ಲ ನನ್ನದೇ. ಹಕ್ಕಿ ನನಗೆ ಕಂಡಿತ್ತು. ಬೇಕಂತಲೇ ಎಡಕ್ಕೆ ಅಂದೆ."

"ನನಗೂ ಕಂಡಿತ್ತು" ಎಂದ ಭಾವ. "ನಾನೂ ಬೇಕಂತಲೇ ತಿರುಗಿಸಿದೆ."

ಬಕೆಟಣ್ಣ ನಿಂತುಬಿಟ್ಟ.

"ನನಗೆ ಸಮುದ್ರ ಆಗಲ್ಲ ರೀ" ಎಂದ ಭಾವ, ದಡಕ್ಕೆ ಬಂದ ಮೇಲಿನ ಮರ್ಯಾದೆಯಲ್ಲಿ. "ಬೋಟು ಹತ್ತಿದ ದಿನದಿಂದ ಆಗಲ್ಲ. ಶುಂಠಿ ಅಗಿದು ಅಗಿದು ಹಲ್ಲು ಸವೆದಿದೆ. ನಾಯಕ ಆದವನು ಎಲ್ಲರೆದುರಿಗೆ ವಾಂತಿ ಮಾಡೋಕಾಗುತ್ತಾ? ಅದಕ್ಕೇ ನಿಮ್ಮನ್ನ ಕರ್ಕೊಂಡು ಬಂದದ್ದು. ನೀವಿದ್ರೆ ಎಲ್ಲರೂ ನಿಮ್ಮನ್ನೇ ನೋಡ್ತಿರ್ತಾರೆ, ನಾನು ಆ ಕಡೆ ತಿರುಗಿ ನನ್ನ ಪಾಡು ನೋಡ್ಕೋಬಹುದು. ಇವತ್ತು ಎಲ್ಲೂ ಮೀನು ಸಿಗಬಾರದು ಅಂತ ಎಷ್ಟು ಒದ್ದಾಡಿದೆ ಗೊತ್ತಾ? ಮಧ್ಯಾಹ್ನ, ಖಂಡಿತ ಏನೂ ಇರಲ್ಲ ಅನ್ನೋ ಜಾಗ ಹುಡುಕ್ಕೊಂಡು ವಾಪಸ್ ಬಂದೆ. ನೋಡಿದ್ರೆ ಅಲ್ಲಿ ನೀವು." ಅವನು ಬಕೆಟಣ್ಣನ ಕೈ ಹಿಡಿದುಕೊಂಡ. "ನಾನು ನಿಯತ್ತಾಗಿ ಕೆಲಸ ಮಾಡಿದ್ರೆ ದಕ್ಷಿಣಕ್ಕೆ ಹೋಗ್ತಿದ್ದೆ. ನನ್ನ ತಂಗಿಗೆ ಏನು ಮುಖ ತೋರಿಸ್ತಿದ್ದೆ?"

ಬೈಯಬೇಕೆಂದು ತೆರೆದ ಬಾಯನ್ನು ಬಕೆಟಣ್ಣ ಮುಚ್ಚಿಕೊಂಡ. ಭಾವನ ಕಳ್ಳಾಟದಿಂದ ಉಳಿದ ಪ್ರಾಣ ಇದು. ಅದನ್ನಿಟ್ಟುಕೊಂಡು ಅವನಿಗೇ ಬೈಯುವುದು ಹೇಗೆ? ಭಾವ ಅವನ ಕೈಯನ್ನು ಗಟ್ಟಿಯಾಗಿ ಅದುಮಿ, ತನ್ನ ಓಣಿಗೆ ತಿರುಗಿದ. ತಿರುಗಿದವನು ಹಗುರವಾಗಿ ಸಿಳ್ಳೆ ಹಾಕುತ್ತಾ ಹೋದ.

ಮನೆಯಲ್ಲಿ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಗಂಡನ ಮೈಮೇಲೆ ಅಣ್ಣನ ಅಂಗಿ ಕಂಡು ಏನಾಯ್ತೆಂದು ಕೇಳಿದಳು. ಅವನು ಎಲ್ಲವನ್ನೂ ಹೇಳಿದ. ಬಿದ್ದದ್ದನ್ನು ಹೇಳಿದಾಗ ಅವಳು ಅವನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಕಥೆ ಮುಗಿಯುವವರೆಗೂ ಬಿಡಲಿಲ್ಲ. ಅವನಿಗೆ ಅಷ್ಟೇ ಸಾಕೆನ್ನಿಸಿತು. ಬದುಕಿ ಬಂದಿದ್ದೇನೆ, ಮನೆಯಲ್ಲಿದ್ದೇನೆ, ಕಾಲ ಕೆಳಗೆ ನೆಲ ನಿಂತಿದೆ.

"ಮತ್ತೆ ಕೀಲಿಕೈ?" ಎಂದಳು ಕೊನೆಗೆ.

"ಅದು ನಿಮ್ಮಣ್ಣನಿಗೆ ಹೋಯ್ತು" ಎಂದು ಅವನು ತಲೆ ತಗ್ಗಿಸಿ, ಬರಲಿದ್ದ ಬೈಗುಳಕ್ಕೆ ಸಿದ್ಧನಾದ.

ಹೆಂಡತಿ ಎದೆಯ ಮೇಲೆ ಕೈಯಿಟ್ಟುಕೊಂಡು ದೀರ್ಘವಾಗಿ ಉಸಿರು ಬಿಟ್ಟಳು.

"ಅಬ್ಬ, ಸದ್ಯ" ಎಂದಳು. "ಪಾಪ, ಅವನಿಗೆ ಚಿಕ್ಕಂದಿನಿಂದಲೂ ಸಮುದ್ರ ಅಂದ್ರೆ ಆಗಲ್ಲ. ನಿಮಗಾದ್ರೆ ಈಗ ಅಭ್ಯಾಸ ಆಗಿದೆ."